ಸಪ್ಪಳವಿಲ್ಲದ ರೊಟ್ಟಿ

ವಿಜಯಪುರದ ಖಾನಾವಳಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ, ನೀರು ಕುಡಿಯಲೇ ಎಂದು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಮೂವರು ಹೆಂಗಸರೂ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ನೀರಿಗೂ ಅಪ್ಪಣೆ ಬೇಡುವ ಇವಳು ಯಾವ ಲೋಕದಿಂದ ಬಂದಳೋ ಎಂದುಕೊಂಡಿರಬೇಕು.

ಬಂದದ್ದು ಪುಣೆಯಿಂದ, ಹುಟ್ಟಿದ್ದು ಕನಮಡಿಯಲ್ಲಿ. ಹನ್ನೆರಡನೆಯ ವಯಸ್ಸಿನಲ್ಲಿ ದೂರದ ಸಂಬಂಧದ ಚಿಗವ್ವ ಒಬ್ಬಳು ಮುಂದಿನ ಶಾಲೆ ಕಲಿಸುತ್ತೇನೆಂದು ಕರೆದೊಯ್ದು ಅಲ್ಲಿನ ಒಂದು ಮನೆಯಲ್ಲಿ ಕೆಲಸಕ್ಕೆ ಬಿಟ್ಟಳು. ಒಂಬತ್ತು ವರ್ಷ ಆ ಮನೆಯವರು ನನ್ನನ್ನು ಒಳಗಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದರು. ಹೆಸರು ಹಿಡಿದು ಯಾರೂ ಕರೆಯಲಿಲ್ಲ. ‘ಪೋರಗಿ’ ಎನ್ನುತ್ತಿದ್ದರು, ಮರಾಠಿಯಲ್ಲಿ ಹಾಗೆಂದರೆ ಹುಡುಗಿ. ಎರಡು ಸಲ ಓಡಿ ಸಿಕ್ಕಿಬಿದ್ದೆ. ಮೂರನೆಯ ಸಲ, ಹೊಸ ಕಪಾಟು ತರಲು ಬಾಗಿಲು ತೆರೆದಿಟ್ಟಾಗ, ಕಸದ ಬುಟ್ಟಿ ಹಿಡಿದು ಮೆಟ್ಟಿಲು ಇಳಿದವಳು ಹಿಂದೆ ನೋಡಲಿಲ್ಲ. ಅಲ್ಲಿ ಗೋಡೆ ಕಟ್ಟಲು ಬಂದಿದ್ದ, ಕನ್ನಡ ಮಾತಾಡುತ್ತಿದ್ದ ಗೌಂಡಿ ಸಂಸಾರವೊಂದು ಬಸ್ಸಿನಲ್ಲಿ ವಿಜಯಪುರದವರೆಗೆ ಜೊತೆಗೆ ಕರೆತಂದಿತು. ಕನಮಡಿಯಲ್ಲಿ ಅವ್ವ ಇದ್ದಳು, ಆದರೆ ಚಿಗವ್ವನೂ ಇರುವ ಊರಿಗೆ ಹೋಗಲು ಹೆದರಿ ಇಲ್ಲೇ ಉಳಿದೆ.

ಅಲ್ಲಿ ರೊಟ್ಟಿ ಬಡಿದರೆ ಮನೆಯ ಮುದುಕರ ನಿದ್ದೆ ಕೆಡುತ್ತದೆಂದು ನನ್ನ ಅಂಗೈಯನ್ನು ಒಮ್ಮೆ ಕಾದ ಹಂಚಿಗೆ ಒತ್ತಿದ್ದರು. ಅಂದಿನಿಂದ ಸಪ್ಪಳವಾಗದಂತೆ ಬೆರಳಿನಿಂದಲೇ ಅಗಲಿಸುತ್ತಿದ್ದೆ. ಇಲ್ಲಿ ಗಿರಾಕಿಗಳು ನನ್ನ ದಪ್ಪ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಏಳುತ್ತಿದ್ದರು. ಖಾನಾವಳಿ ನಡೆಸುವ ಗಂಗಕ್ಕ ಒಂದು ದಿನ ಪಕ್ಕಕ್ಕೆ ಬಂದು ಕೂತಳು.

“ಬಡಿ ಬೇ. ಓಣಿ ಮಂದಿಗೆಲ್ಲಾ ಕೇಳ್ಲಿ.”

ಬಾಗಿಲ ಕಡೆ ನೋಡುತ್ತಲೇ ಬಡಿದೆ. ಯಾರೂ ಬೈಯಲು ಬರಲಿಲ್ಲ. ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ಅತ್ತುಬಿಟ್ಟೆ.

ಹೋದ ತಿಂಗಳು ಚಿಗವ್ವ ಹುಡುಕಿಕೊಂಡು ಬಂದಳು. ಪುಣೆಯವರು ಕರೆಯುತ್ತಿದ್ದಾರೆ, ಉಂಡ ಮನೆಯ ಜಂತೆ ಎಣಿಸಬಾರದು ಎಂದಳು. ಅದು ಸಿಮೆಂಟಿನ ಮನೆ, ಎಣಿಸಲು ಜಂತೆಯೇ ಇರಲಿಲ್ಲ, ಉಂಡದ್ದೂ ತಂಗಳು. ಇಷ್ಟೆಲ್ಲ ಈಗ ಹೇಳಲು ಬರುತ್ತದೆ. ಆಗ ಮಾತ್ರ ಕೈ ತೊಳೆದು, ಚಪ್ಪಲಿ ಮೆಟ್ಟಿ, ಅವಳ ಹಿಂದೆ ಹೊರಟು ನಿಂತಿದ್ದೆ. ನೆನೆದರೆ ಇವತ್ತಿಗೂ ನನಗೆ ನನ್ನದೇ ಭಯ.

“ನೀ ಹೋಗಾಕಿ ಏನ? ನಿನ್ನ ಬಾಯಿಲೆ ಹೇಳು,” ಎಂದಳು ಗಂಗಕ್ಕ.

“ಹೋಗೂದಿಲ್ಲ.”

ಚಿಗವ್ವ ಸಿಟ್ಟಾಗಲಿಲ್ಲ. “ನಿಮ್ಮವ್ವನೇ ನನ್ನ ಕಳಿಸ್ಯಾಳ. ಅಕಿಗೆ ಏನ ಹೇಳ್ಲಿ?”

ನಾನು ಚಪ್ಪಲಿ ಬಿಟ್ಟು ಮತ್ತೆ ಹಿಟ್ಟಿನ ಮುಂದೆ ಕೂತೆ. ಅವಳು ಹೋದಳು.

ತಿಕೋಟಾ ಮೇಲೆ ಹಾಯ್ದು ಕನಮಡಿಗೆ ಹೋಗುವ ಬಸ್ಸಿನ ವೇಳೆ ನನಗೆ ಬಾಯಿಪಾಠ. ಈಗ ತಡೆಯುವವರು ಯಾರೂ ಇಲ್ಲ, ಆದರೂ ಹತ್ತಿಲ್ಲ. ಹೋದರೆ, ಮೊದಲ ಸಲವೂ ಎಲ್ಲ ಗೊತ್ತಿದ್ದೇ ನನ್ನನ್ನು ಪುಣೆಗೆ ಕಳಿಸಿದೆಯೇನವ್ವ ಎಂದು ಕೇಳಬೇಕಾಗುತ್ತದೆ. ಹೌದು ಎಂದಳೆಂದರೆ ನನಗೆ ಊರೇ ಇಲ್ಲ.