ನೀಲಿ ಗೆರೆಯಲ್ಲಿ ಮೂಡಿದ ಊರು

ಅಬುಧಾಬಿಯ ಬನಿಯಾಸ್‌ನಲ್ಲಿದ್ದ ನಮ್ಮ ಸೈಟ್ ಆಫೀಸಿನಲ್ಲಿ ಎಲ್ಲರೂ ನನ್ನನ್ನು ‘ಮುಹಂದಿಸ್’, ಅಂದರೆ ಇಂಜಿನಿಯರ್, ಎಂದೇ ಕರೆಯುತ್ತಿದ್ದರು. ಕೇಳಿದಾಗಲೆಲ್ಲ ಎದೆ ಉಬ್ಬುತ್ತಿತ್ತು, ಸುಳ್ಳೇಕೆ ಹೇಳಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಸರ್ವೇ ವಿಷಯವನ್ನು ಮೂರನೆಯ ಸಲಕ್ಕೆ ದಾಟಿದ್ದೆ, ಆದರೂ ದಾಟಿದ್ದೆ.

ಆ ವಿಷಯವನ್ನು ನನಗೆ ನಿಜವಾಗಿ ಕಲಿಸಿದವರು ಆಫೀಸಿನ ಸರ್ವೇಯರ್. ಇರಾಕಿನ ಸಿಂಜಾರ್ ಬೆಟ್ಟದ ಯಜೀದಿ ಪಂಗಡದವರು, ನನಗಿಂತ ಹತ್ತು ವರ್ಷ ಹಿರಿಯರು. ಹಿಂದಿ, ಅರಬ್ಬಿ, ಇಂಗ್ಲಿಷ್ ಎಲ್ಲ ಕಲಸಿ ಮಾತಾಡುತ್ತಿದ್ದೆವು. ಮೊದಲ ದಿನ ‘ನಿಮ್ಮ ಊರು?’ ಎಂದು ಕೇಳಿದ್ದಕ್ಕೆ, ‘ಹಳೆಯದೋ, ಈಗಿನದೋ?’ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಬಾಗಲಕೋಟೆ ಕಡೆಯ ನಾವೂ ಹಾಗೇ ಕೇಳುವವರು. ನಮ್ಮ ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿದೆ. ಅವರದನ್ನು, ಅವರು ಹನ್ನೆರಡರ ಹುಡುಗನಿದ್ದಾಗ, ಸರ್ಕಾರವೇ ಕೆಡವಿ ಜನರನ್ನು ಬಯಲಿಗಿಳಿಸಿತ್ತು. ಅಲ್ಲಿ ಸಾಲುಸಾಲು ಮನೆ, ನೇರ ರಸ್ತೆ, ಅರಬ್ಬಿ ಹೆಸರಿನ ಹೊಸ ಊರು.

ಬಾಗ್ದಾದಿನ ಸರ್ಕಾರ ಬಿದ್ದ ಮರುವರ್ಷ, ಏಪ್ರಿಲ್‌ನಲ್ಲಿ ಬುಧವಾರ ಬರುವ ತಮ್ಮ ಹೊಸವರ್ಷಕ್ಕೆ ಅವರು ಊರಿಗೆ ಹೊರಡಲು ತಯಾರಾದರು. ತಾಯಿಗೆ ಹಳೆಯ ಊರಿನ ನಕ್ಷೆ ಒಯ್ಯಬೇಕೆಂಬುದು ಅವರ ಆಸೆ. ‘ಅಮ್ಮನ ಕಣ್ಣು ಮಂಜಾಗ್ತಿದೆ. ಕಾಣೋವಾಗಲೇ ತೋರಿಸಬೇಕು.’

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವರು ನೆನೆಯುವರು, ನಾನು ಟ್ರೇಸಿಂಗ್ ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ ಬರೆಯುವೆ. ಮೆಟ್ಟಿಲು ಮೆಟ್ಟಿಲಾಗಿ ಅಂಜೂರದ ತೋಟ, ಕಲ್ಲಿನ ಸಂದಿಯ ಬುಗ್ಗೆ, ಮಡಚಿದ ಕೊಡೆಯನ್ನು ನೆಟ್ಟಂತೆ ನೆರಿಗೆ ನೆರಿಗೆಯಾದ ಬಿಳಿಯ ಗುಡಿ ಶಿಖರ, ಬೇಸಿಗೆಯಲ್ಲಿ ಎಲ್ಲರೂ ಮಲಗುವ ಮಣ್ಣಿನ ಮಾಳಿಗೆಗಳು. ಓಣಿಯನ್ನು ನೇರ ಎಳೆದೆನೋ, ಬೈಗುಳ.

‘ಯಾ ಮುಹಂದಿಸ್, ಇದು ಸರ್ಕಾರದ ಊರಲ್ಲ, ಕತ್ತೆ ಹಾಕಿದ ದಾರಿ. ಸೊಟ್ಟ ಎಳಿ!’

ಅವರು ಹೊರಡುವ ಶುಕ್ರವಾರ ನಮ್ಮ ಮನೆಯಲ್ಲಿ ರೊಟ್ಟಿ ಊಟ. ಹಿಂದಿನ ದಿನವೇ ನಾನು ನಕ್ಷೆಗಳ ನಕಲು ತೆಗೆಯುವ ಆಫೀಸಿನ ಅಮೋನಿಯಾ ಯಂತ್ರದಲ್ಲಿ ನಕ್ಷೆಯ ಚೊಕ್ಕ ಪ್ರಿಂಟ್ ತೆಗೆದು, ಸುತ್ತಿ, ರಿಬ್ಬನ್ ಕಟ್ಟಿಟ್ಟಿದ್ದೆ. ಅವರು ಬಿಚ್ಚಿದರು. ಊರಿಡೀ ನೀಲಿ ಗೆರೆಗಳಲ್ಲಿ ಮೂಡಿತ್ತು. ಅವರ ಮುಖ ಇಳಿಯಿತು.

‘ಏನ್ರೀ ಅಣ್ಣಾರ, ಏನರ ತಪ್ಪಾತೇನ್ರಿ?’ ಎಂದಳು ನನ್ನ ಹೆಂಡತಿ. ಅವರಿಗೆ ಕನ್ನಡ ಬಾರದಿದ್ದರೂ ಪ್ರಶ್ನೆ ತಿಳಿಯಿತು.

‘ತುಂಬಾ ಚೆನ್ನಾಗಿದೆ. ಆದರೆ ಅಮ್ಮ ನೀಲಿ ಬಣ್ಣ ಮನೆಯೊಳಗೆ ಬಿಡಲ್ಲ. ನಮ್ಮಲ್ಲಿ ಅದು ನಿಷಿದ್ಧ. ಹೊಸ ಹುಡುಗರು ಜೀನ್ಸ್ ಹಾಕ್ತಾರೆ, ಬೈಸಿಕೊಳ್ತಾರೆ. ಅಮ್ಮ ಹಳೇ ಕಾಲದವಳು.’

ಸಂಜೆಗೆ ವಿಮಾನ. ಆಫೀಸಿನ ಯಂತ್ರಕ್ಕೆ ಇದ್ದದ್ದು ನೀಲಿ ಬರುವ ಕಾಗದ ಒಂದೇ. ಹೆಂಡತಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳಿ ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅವರೂ ಕುಳಿತರು. ರೊಟ್ಟಿ ಆರುತ್ತಿತ್ತು.

‘ನೀವು ಮೊದಲು ಬರದದ್ದು ಕರೇ ಮಸಿಯಾಗ ಅಲ್ಲೇನ್ರಿ?’ ಎಂದಳು ಹೆಂಡತಿ.

‘ಹೌದು.’

‘ಮತ್ತ ಅದನ್ನ ಕೊಡ್ರಲಾ!’

‘ಅದು ಒರಿಜಿನಲ್! ಒರಿಜಿನಲ್ ಯಾರರ ಹೊರಗ ಕೊಡ್ತಾರೇನ?’

‘ಯಾರ ಒರಿಜಿನಲ್ರಿ? ಊರು ಅವರದು. ನೀವು ಗೆರಿ ಎಳದೀರಿ, ಅಷ್ಟ.’

ಟ್ರೇಸಿಂಗ್ ಹಾಳೆ ಕಪಾಟು ಬಿಟ್ಟು ಹೋಗಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಡಿಗ್ರಿ ಪಡೆದ ನನಗೂ, ಇಪ್ಪತ್ತು ವರ್ಷ ಅಳತೆ ಮಾಡಿದ ಅವರಿಗೂ ಹೊಳೆಯದ್ದು ಏಳನೇ ಇಯತ್ತೆ ಓದಿದವಳಿಗೆ ಹೊಳೆಯಿತು. ನಾನು ಅನುವಾದಿಸಿದಾಗ ಅವರು ಹೊಟ್ಟೆ ಹಿಡಿದು ನಕ್ಕರು. ಊಟ ಮುಗಿಸಿ ಬನಿಯಾಸ್‌ಗೆ ಓಡಿದೆವು, ಹಾಳೆ ಅವರ ಜೊತೆ ವಿಮಾನ ಹತ್ತಿತು.

ತಿಂಗಳ ಮೇಲೆ ಬರಿಗೈಯಲ್ಲಿ ಬಂದರು.

‘ಅಮ್ಮನಿಗೆ ಕಂಡಿತಾ?’ ಎಂದೆ.

‘ಬೆರಳಿಟ್ಟು ಬುಗ್ಗೆಯಿಂದ ಹೊರಟಳು. ಸೊಟ್ಟ ಓಣಿ ಹಿಡಿದು ನೆಟ್ಟಗೆ ನಮ್ಮ ಬಾಗಿಲಿಗೇ ಬಂದಳು. ಹಾಳೆ ವಾಪಸ್ ಕೊಡಲಿಲ್ಲ, ಮಾಫಿ!’ ಎಂದು, ಇಲ್ಲವೇ ಇಲ್ಲ ಎನ್ನುವಂತೆ ಕೈಯಾಡಿಸಿದರು. ‘ಆದರೆ ಪಕ್ಕದ ಮನೆ ಅಜ್ಜಿ ಜಗಳಕ್ಕೇ ಬಂದಳು. ನಕ್ಷೆಯಲ್ಲಿ ಅವಳ ಮನೆ ಬಿಟ್ಟಿದ್ದೀವಂತೆ. ಇನ್ನೂ ಆರು ಮನೆಯವರು ದೂರು ಕೊಟ್ಟಿದ್ದಾರೆ. ಯಲ್ಲಾ, ನಡಿ ಮುಹಂದಿಸ್, ಹೊಸ ಹಾಳೆ ತೆಗಿ. ಮೊದಲು ಅಜ್ಜಿಯದು ಬರಿ. ಇಲ್ಲದಿದ್ದರೆ ನಮ್ಮಮ್ಮನಿಗೆ ನೆಮ್ಮದಿ ಇಲ್ಲ.’