ಮಿಸ್ತ್ರಿ ‘ನಕ್ಕೋ’ ಅಂದರು

ನಮ್ಮ ಕಾರಿನ ಬಾಗಿಲನ್ನು ದಢಾರನೆ ಹಾಕಿದಾಗಲೆಲ್ಲ ನಾನು ಅದಕ್ಕೆ ‘ಸಾರಿ’ ಹೇಳುತ್ತೇನೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಸಭ್ಯತೆ. ಮನುಷ್ಯರಿಗೆ ಮಾತ್ರ ಸಾಕು ಎಂದು ಅವರೇನೂ ಹೇಳಿರಲಿಲ್ಲ. ದಢಾರನೆ ಹಾಕದೆ ಗತಿಯೂ ಇಲ್ಲ, ಮೆಲ್ಲಗೆ ಹಾಕಿದರೆ ಆಚೆ ಬದಿಯ ಬಾಗಿಲು ತೆರೆದುಕೊಳ್ಳುತ್ತದೆ. ಎಡಕ್ಕೆ ತಿರುಗಿಸಿದರೆ ವೈಪರ್ ಆಡತೊಡಗುತ್ತದೆ. ಹಾಗಾಗಿ ಜಹೀರಾಬಾದಿನ ಉರಿಬಿಸಿಲಲ್ಲೂ ಎಡಗಡೆಯ ಗಲ್ಲಿಗಳಲ್ಲೆಲ್ಲ ನಮಗೆ ಮಳೆಗಾಲ. ಓಡಿದ ದೂರ ತೋರಿಸುವ ಅಂಕಿಗಳು ಎಂದೋ ನಿಂತಿವೆ. ನಮ್ಮ ಬಳಗದ ಕೆಲವು ಅತ್ತೆಯರ ವಯಸ್ಸೂ ಹೀಗೆಯೇ ನಿಂತಿರುವುದರಿಂದ ನಾನು ಕೆದಕಲು ಹೋಗಿಲ್ಲ.

ಯಜಮಾನರದು ಒಂದೇ ಮಾತು: “ಗುಜರಿಗ್ ಹಾಕಿ ಬಿಡಾಮು.” ಅವರಿಗೇನು, ಸ್ಕೂಟರ್ ಇದೆ. ನನಗಿರುವುದು ಶನಿವಾರ. ಒಬ್ಬಳೇ ಕಾರು ಓಡಿಸಿಕೊಂಡು ನಾರಾಯಣಖೇಡದ ನಾದಿನಿಯ ಮನೆಗೆ ಹೋಗಿ, ಅವಳ ರೊಟ್ಟಿ ತಿಂದು, ಅವಳ ಅಣ್ಣನನ್ನೇ ಅವಳೊಂದಿಗೆ ಆಡಿಕೊಂಡು ಬರುವ ಶನಿವಾರ. ಕಾರು ಗುಜರಿಗೆ ಹೋದರೆ ಅದೂ ಜೊತೆಗೇ ಹೋಗುತ್ತದೆ. ಕೊನೆಗೆ, ಗ್ಯಾರೇಜಿನ ಖಾಜಾ ಮಿಸ್ತ್ರಿ ಹೇಳಿದ್ದೇ ತೀರ್ಪು ಎಂದು ರಾಜಿಯಾಯಿತು.

ಇಲ್ಲೊಂದು ಮಾತು ಹೇಳಿಬಿಡಬೇಕು. ಈ ಕಡೆಯ ದಖನಿ ಉರ್ದುವಿನಲ್ಲಿ ‘ನಕ್ಕೋ’ ಎಂದರೆ ಬೇಡ. ಮೈಸೂರು ಕಡೆಯಿಂದ ಸೊಸೆಯಾಗಿ ಬಂದ ನನಗೆ ಅದು ಅಪ್ಪಟ ಕನ್ನಡವಾಗಿ ಕೇಳಿಸುತ್ತಿತ್ತು. ತರಕಾರಿಯಾಕೆ ಚೌಕಾಸಿ ನಕ್ಕೋ ಎಂದಳು, ನಕ್ಕೆ. ಪಕ್ಕದ ಮನೆಯವರು ಚಹಾ ನಕ್ಕೋ ಎಂದರು, ಇನ್ನೂ ಚೆನ್ನಾಗಿ ನಕ್ಕೆ. ನಗುಮೊಗದ ಸೊಸೆ ಎಂದು ಹೆಸರಾಯಿತು. ಅರ್ಥ ತಿಳಿಯುವ ಹೊತ್ತಿಗೆ ಹೆಸರು ಉಳಿಸಿಕೊಳ್ಳುವ ಜವಾಬ್ದಾರಿ ಬಂದಿತ್ತು.

ಮಿಸ್ತ್ರಿ ಬಾನೆಟ್ ಎತ್ತಿ, ಒಳಗೆ ಬಗ್ಗಿ, ಸಾವಿನ ಮನೆಗೆ ಬಂದವರಂತೆ ನಿಟ್ಟುಸಿರು ಬಿಟ್ಟರು. “ನಕ್ಕೋ ಅಕ್ಕಾ, ನಕ್ಕೋ. ಇಂಜಿನ್ ಖಲಾಸ್ ಆಗ್ಯಾದ.”

“ಮುಗೀತಲ್ಲಾ?” ಎಂದರು ಯಜಮಾನರು.

ಅಳು ಬಂದಿತ್ತು. ಆದರೆ ನಾನು ಗಹಗಹಿಸಿ ನಕ್ಕೆ.

“ಯಾಕ್ ನಗ್ತೀರಿ ಅಕ್ಕಾ?” ಮಿಸ್ತ್ರಿ ಬೆದರಿದರು.

“ನೀವೇ ಅಂದ್ರಲ್ಲ, ನಕ್ಕೋ ಅಂತ!”

ಕ್ಷಣ ಬಿಟ್ಟು ಅದು ಅವರಿಗೆ ತಾಗಿತು. ಹೊಟ್ಟೆ ಹಿಡಿದುಕೊಂಡು ನಗುವಾಗ ಅವರ ಕೈಯ ಸ್ಪ್ಯಾನರ್ ಜಾರಿ ಇಂಜಿನ್ನಿನೊಳಗೆ ಬಿತ್ತು. ಮೂಕವಾಗಿದ್ದ ಹಾರನ್ ಕಿರ್ರೆಂದು ಕೂಗಿತು.

“ನೋಡ್ರಿ ಸಾಬ್, ಜೀವ ಅದ ಇನ್ನಾ!”

“ಹಾರನ್ ಮ್ಯಾಲ ಕುಂತು ಹೋಗ್ತಾಳೇನ್ ನಾರಾಯಣಖೇಡಕ್ಕ?” ಎಂದ ಯಜಮಾನರಿಗೂ ಅಷ್ಟರಲ್ಲಿ ನಗು ತಡೆಯಲಾಗಲಿಲ್ಲ. ನಗುತ್ತಿರುವವರು ತೀರ್ಪು ಕೊಡುವುದು ಕಷ್ಟ. “ಬಿಟ್ಟು ಹೋಗ್ರಿ, ನೋಡ್ತೀನಿ,” ಎಂದರು ಮಿಸ್ತ್ರಿ.

ರಿಪೇರಿಯಾಯಿತು. ಈಗ ಬಲಕ್ಕೆ ತಿರುಗಿಸಿದರೂ ಮಳೆಗಾಲ.

ಮೊನ್ನೆ ಶನಿವಾರ ನಾದಿನಿಯ ಮನೆಯ ದಾರಿಯಲ್ಲಿ, ಮನೂರಿನ ಹತ್ತಿರ ಕಾರು ನಿಂತೇಬಿಟ್ಟಿತು. ‘ಸಾರಿ’ ಹೇಳಿ ಸುಧಾರಿಸಿಕೊಳ್ಳಲು ಬಿಟ್ಟೆ. ಜನ ತುಂಬಿದ ಆಟೋ ಒಂದು ಪಕ್ಕಕ್ಕೆ ಬಂದು ನಿಧಾನವಾಯಿತು.

“ಅಕ್ಕಾ, ದೂಡ್ಬೇಕೇನ್ರಿ?”

“ನಕ್ಕೋ,” ಎಂದೆ. ಎರಡೂ ಭಾಷೆಯಲ್ಲಿ.