ಮುಟ್ಟದೆ ಹೇಳಿದ ರೋಗ

೧೯೬೩ರ ಬೇಸಿಗೆ. ಮಂಗಳೂರಿನ ಬಂದರಿನಲ್ಲಿ ಕೊಬ್ಬರಿ ವ್ಯಾಪಾರಿ ಹಸನಬ್ಬ ಸಾಹುಕಾರರ ಗೋದಾಮಿನಲ್ಲಿ ನಾನು ಗುಮಾಸ್ತನಾಗಿದ್ದೆ. ಗೋದಾಮು ಕಾಯಲು ರಾಣಿ ಎಂಬ ನಾಯಿ ಇತ್ತು. ಅದಕ್ಕೆ ಅನ್ನ ಹಾಕುತ್ತಿದ್ದವನು ನಾನೇ.

ಕೆಲವು ದಿನಗಳಿಂದ ಅದು ಎಡಗಿವಿ ಕೆರೆದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ತಲೆ ಒಂದು ಕಡೆ ವಾಲಿದೆ, ಕತ್ತು ಸೆಟೆದಿದೆ, ಮೈ ಸುಡುತ್ತಿದೆ. ಮುಟ್ಟಿದರೆ ಕಿರುಚುತ್ತಿತ್ತು. ಹುಚ್ಚು ಹಿಡಿದಿದೆ ಎಂದು ಹಮಾಲಿಗಳು ದೊಣ್ಣೆ ಎತ್ತಿದರು. ಸಾಹುಕಾರರು ಅವರನ್ನು ತಡೆದು, ನಾಯಿಯನ್ನು ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿಸಿ, ಪ್ರಾಣಿಗಳ ಡಾಕ್ಟರನ್ನು ಕರೆಸಿದರು.

ಡಾಕ್ಟರು ಕೊಟ್ಟಿಗೆಯ ಬಾಗಿಲು ದಾಟಲಿಲ್ಲ. ಅಲ್ಲಿಂದಲೇ ಹುಚ್ಚು ಎಂದರು. ಅದು ಯಾರನ್ನೂ ಕಚ್ಚಿಲ್ಲ, ನೀರು ಕುಡಿಯುತ್ತದೆ, ಕಿವಿಯಲ್ಲಿ ಕೀವು ಉಂಟು ಎಂದು ನಾನು ಹೇಳಿದೆ. "ಡಾಕ್ಟರು ನೀನಾ, ನಾನಾ?" ಎಂದು ಕೇಳಿದರು. ಬೇಗ ಕೊಲ್ಲಿಸಿಬಿಡಿ ಎಂದು ಹೇಳಿ ಕಾರು ಹತ್ತಿದರು.

ಸಾಹುಕಾರರು ಕೊಲ್ಲಿಸಲಿಲ್ಲ. ಆದರೆ ಇನ್ನೊಬ್ಬ ಡಾಕ್ಟರನ್ನು ಹುಡುಕಿ ತರುವಷ್ಟರಲ್ಲಿ ಎರಡು ದಿನ ಕಳೆದು ನಾಯಿ ನೆಲ ಹಿಡಿದಿತ್ತು. ಈ ಡಾಕ್ಟರು ಕೈಗವಸು ಹಾಕಿ, ಪಕ್ಕದಲ್ಲಿ ಕುಳಿತು, ಕಿವಿ ನೋಡಿದರು, ಕತ್ತು ಮೆಲ್ಲಗೆ ಬಗ್ಗಿಸಿ ನೋಡಿದರು. ಆಸ್ಪತ್ರೆಗೆ ಒಯ್ದು, ಮಂಪರು ಬರಿಸಿ, ಕತ್ತಿನ ಹಿಂದೆ ಸೂಜಿ ಚುಚ್ಚಿ ಮಿದುಳಿನ ಸುತ್ತಲಿನ ನೀರು ತೆಗೆದರು. ಅದು ತಿಳಿಯಾಗಿರಬೇಕಿತ್ತಂತೆ. ಬಂದದ್ದು ಅಕ್ಕಿ ತೊಳೆದ ನೀರಿನಂತಿತ್ತು. ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಂಡಿತು. ಕಿವಿಯ ಸೋಂಕು ಮಿದುಳಿನ ಪೊರೆಗೆ ಇಳಿದಿದೆ, ಇದು ಹುಚ್ಚಲ್ಲ ಎಂದರು. ಪೆನಿಸಿಲಿನ್ ಕೊಟ್ಟರು. ಮರುದಿನ ಮಧ್ಯಾಹ್ನ ಫಿಟ್ಸ್ ಬಂದು ರಾಣಿ ಸತ್ತುಹೋಯಿತು.

ಅಂದು ಸಂಜೆ ಸಾಹುಕಾರರು ನನ್ನನ್ನು ಕರೆದುಕೊಂಡು ಮೊದಲಿನ ಡಾಕ್ಟರ ಬಳಿಗೆ ಹೋದರು. ನಡೆದದ್ದನ್ನು ಹೇಳಿದರು. ಡಾಕ್ಟರು ಕುರ್ಚಿಯಿಂದ ಏಳದೆ, "ಹೇಗೂ ಸತ್ತಿತಲ್ಲ, ಇನ್ನೆಂತ?" ಎಂದರು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು.

ಸಾಹುಕಾರರು ದನಿ ಏರಿಸಲಿಲ್ಲ. "ನಾಯಿಯನ್ನು ಮುಟ್ಟುವ ಕ್ರಮ ನಮ್ಮ ಮತದಲ್ಲಿ ಇಲ್ಲ ಡಾಕ್ಟ್ರೇ. ನೀವು ಎಂತಕ್ಕೆ ಮುಟ್ಟಲಿಲ್ಲ?"

ಡಾಕ್ಟರು ಹೊರಗೆ ಕಾಯುತ್ತಿದ್ದವರನ್ನು ಕರೆದರು.

ಮೊದಲ ದಿನವೇ ಮದ್ದು ಕೊಟ್ಟಿದ್ದರೂ ಬದುಕುತ್ತಿತ್ತೆಂದು ಖಂಡಿತ ಹೇಳಲಾರೆ ಎಂದು ಎರಡನೆಯ ಡಾಕ್ಟರು ನನಗೆ ಹೇಳಿದ್ದರು. ಆ ಮಾತು ನಿಜವೇ ಇರಬಹುದು. ಅದರಿಂದ ನನ್ನ ಸಿಟ್ಟೇನೂ ಇಳಿದಿಲ್ಲ. ಇಂದಿಗೂ ರೋಗಿಯ ಮುಖ ನೋಡದೆ ಮದ್ದು ಬರೆಯುವ ಡಾಕ್ಟರನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಎದ್ದು ಬಂದುಬಿಡುತ್ತೇನೆ. ಮನೆಯವರು ಬೈಯುತ್ತಾರೆ, ಬೈಯಲಿ.